ತಕ್ಕಡಿಯ ಅಂಕಿ ಪರದೆಗೆ ಬರುವ ದಾರಿ

ಎಲ್ಲರಿಗೂ ನಮಸ್ಕಾರ.

ಯಂತ್ರಗಳನ್ನು ತಂತ್ರಾಂಶಕ್ಕೆ ಜೋಡಿಸುವ ಬಗೆಯನ್ನು ಹೇಳಲು ನನ್ನನ್ನು ಕರೆದಿದ್ದೀರಿ. ನಾನು ಈ ಕೆಲಸ ಕಲಿತದ್ದು ಹಳ್ಳಿಯ ಹಾಲಿನ ಡೇರಿಯಲ್ಲಿ, ಆದ್ದರಿಂದ ಅಲ್ಲಿಂದಲೇ ಹೇಳುತ್ತೇನೆ. ಡೇರಿಯ ಮೇಜಿನ ಮೇಲೆ ತಕ್ಕಡಿ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬನ್ನು ಬಿಟ್ಟು ಹಾಲಿನಲ್ಲಿರುವ ಘನ ಅಂಶ) ಅಳೆಯುವ ಯಂತ್ರ, ಚೀಟಿ ಮುದ್ರಿಸುವ ಸಣ್ಣ ಪ್ರಿಂಟರ್ ಇರುತ್ತವೆ. ರೈತನ ಕೈಗೆ ಬರುವ ಹಣವೆಲ್ಲ ಮೊದಲೆರಡು ಯಂತ್ರಗಳ ಅಂಕಿಯನ್ನು ನಂಬಿಕೊಂಡಿದೆ. ಅದನ್ನು ನೋಡಿ ಕೈಯಲ್ಲಿ ಬರೆದರೆ 4.3 ಎಂಬುದು 3.4 ಆಗಲು ಕ್ಷಣ ಸಾಕು. ನಡುವೆ ಯಾರ ಕೈಯೂ ಬರಬಾರದೆಂದೇ ನಾವು ತಂತಿ ಎಳೆಯುವುದು.

ಆದರೆ ತಂತಿ ಎಳೆದ ಮಾತ್ರಕ್ಕೆ ಅಂಕಿ ಸರಿಯಾಗಿ ಬರುವುದಿಲ್ಲ. ತಕ್ಕಡಿಗಳು ಇಂದಿಗೂ ಹೆಚ್ಚಾಗಿ ಬಳಸುವುದು 1960ರಲ್ಲಿ ಹುಟ್ಟಿದ, ತಂತಿಯಲ್ಲಿ ಒಂದೊಂದೇ ಬಿಟ್ ಸಾಲಾಗಿ ಕಳುಹಿಸುವ ಆರ್‌ಎಸ್-232 ಪದ್ಧತಿಯನ್ನು. ವೇಗ ಸಾಮಾನ್ಯವಾಗಿ 9600 ಬಾಡ್, ಅಂದರೆ ಇಲ್ಲಿ ಸೆಕೆಂಡಿಗೆ 9600 ಬಿಟ್. ಒಂದು ಅಕ್ಷರಕ್ಕೆ 10 ಬಿಟ್ ಹಿಡಿದರೆ ಸೆಕೆಂಡಿಗೆ 960 ಅಕ್ಷರ. ತೂಕದ ಸಾಲು ಕಂಪ್ಯೂಟರಿಗೆ ಇಡಿಯಾಗಿಯೇ ಬರುತ್ತದೆಂಬ ಖಾತರಿ ಇಲ್ಲ, ತುಂಡಾಗಿಯೂ ಬರುತ್ತದೆ. ನನ್ನ ಮೊದಲ ಪ್ರೋಗ್ರಾಂ ಬಂದ ತುಂಡನ್ನೇ ತೂಕವೆಂದು ಓದಿತು. ‘1’ ಒಂದು ತುಂಡಿನಲ್ಲಿ, ‘2.340’ ಮುಂದಿನದರಲ್ಲಿ ಬಂದಿತ್ತು. ಹನ್ನೆರಡು ಕಿಲೋ ಹಾಲು ಪರದೆಯ ಮೇಲೆ ಎರಡು ಕಿಲೋ ಆಯಿತು. ಹಾಲು ತಂದಿದ್ದ ಹೆಂಗಸು, “ಇನ್ನೊಂದು ಸಲ ನೋಡಿ ಸ್ವಾಮಿ, ಕ್ಯಾನು ತುಂಬಿದೆ” ಎಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಸಾಲಿನ ಕೊನೆಯ ಗುರುತು ಬರುವವರೆಗೆ ತುಂಡುಗಳನ್ನು ಕೂಡಿಸಿಡಬೇಕು. ಸಾಲು ಪೂರ್ತಿಯಾದ ಮೇಲೆಯೇ ಓದಬೇಕು. ತೂಕ ನಿಂತಿದೆಯೇ ಎಂಬುದನ್ನೂ ನೋಡಬೇಕು. ಅನೇಕ ತಕ್ಕಡಿಗಳು ಸಾಲಿನ ಮುಂದೆ ‘ಎಸ್‌ಟಿ’ ಎಂದರೆ ಸ್ಥಿರ, ‘ಯುಎಸ್’ ಎಂದರೆ ಇನ್ನೂ ಅಲುಗಾಡುತ್ತಿದೆ ಎಂದು ತಿಳಿಸುತ್ತವೆ. ಅಲುಗಾಡುವಾಗ ಸಿಕ್ಕ ಅಂಕಿಯನ್ನು ದಾಖಲಿಸುವುದು ಅನ್ಯಾಯ.

ಮತ್ತೊಂದು ತೊಡಕು, ಈ ತಂತಿಯನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಹೊಂದಿಸುವ ಪರಿವರ್ತಕದ್ದು. ಕಂಪ್ಯೂಟರ್ ಅದಕ್ಕೆ ಕೊಡುವ ಪೋರ್ಟ್ ಹೆಸರು ನಿನ್ನೆ ಕಾಮ್-3 ಆಗಿದ್ದದ್ದು ಇಂದು ಬೇರೆ ಕಿಂಡಿಗೆ ಚುಚ್ಚಿದರೆ ಕಾಮ್-5 ಆಗಬಹುದು. ಸಂಖ್ಯೆಯನ್ನು ಬಿಟ್ಟು ತಯಾರಕರ ಗುರುತಿನಿಂದ ಹುಡುಕಿ ಎನ್ನುತ್ತಾರೆ. ಆದರೆ ತಕ್ಕಡಿಗೂ ಫ್ಯಾಟ್ ಯಂತ್ರಕ್ಕೂ ಒಂದೇ ಬಗೆಯ ಅಗ್ಗದ ಸಿಎಚ್340 ಪರಿವರ್ತಕ ಹಾಕಿದ್ದರೆ ಎರಡರ ಗುರುತೂ ಒಂದೇ, ಎರಡಕ್ಕೂ ಕ್ರಮಸಂಖ್ಯೆ ಇಲ್ಲ. ಆಗ ಉಳಿಯುವ ದಾರಿ, ಎರಡೂ ಪೋರ್ಟ್ ತೆರೆದು, ಬರುವ ಸಾಲಿನ ರೂಪದಿಂದಲೇ ಯಾವುದು ಯಾವುದೆಂದು ತಿಳಿಯುವುದು. ಗುರುತು ಸಿಗದಿದ್ದರೆ ಊಹೆ ಮಾಡದೆ ಕೆಲಸ ನಿಲ್ಲಿಸುವ ಧೈರ್ಯ ತಂತ್ರಾಂಶಕ್ಕೆ ಇರಬೇಕು.

ಇಲ್ಲಿಯವರೆಗೆ ಹೇಳಿದ್ದು ಡೆಸ್ಕ್‌ಟಾಪ್ ತಂತ್ರಾಂಶಕ್ಕೂ ವೆಬ್‌ಗೂ ಸಮಾನ. ಬ್ರೌಸರ್ ಮಾತ್ರ ಬೇಕೆಂದೇ ಯಂತ್ರಗಳಿಂದ ದೂರ ನಿಲ್ಲುತ್ತದೆ. ತೆರೆದ ಪುಟವೆಲ್ಲ ನಿಮ್ಮ ಸಾಧನಗಳಿಗೆ ಕೈ ಹಾಕುವಂತಾದರೆ ಗತಿಯೇನು? 2021ರಲ್ಲಿ ಕ್ರೋಮ್ 89ರೊಡನೆ, ಪುಟವೇ ಇಂಥ ಪೋರ್ಟನ್ನು ನೇರವಾಗಿ ಓದಲು ಬಿಡುವ ವೆಬ್ ಸೀರಿಯಲ್ ಎಂಬ ಸೌಲಭ್ಯ ಬಂತು. ಪುಟ ಎಚ್‌ಟಿಟಿಪಿಎಸ್‌ನಲ್ಲಿರಬೇಕು ಅಥವಾ ನಿಮ್ಮದೇ ಕಂಪ್ಯೂಟರಿನಿಂದ ಬಂದಿರಬೇಕು. ಬಳಕೆದಾರರೇ ಗುಂಡಿ ಒತ್ತಿ ಪೋರ್ಟ್ ಆರಿಸಬೇಕು. ಸಫಾರಿಯಲ್ಲಿ ಈ ಸೌಲಭ್ಯವಿಲ್ಲ.

ಹಳೆಯ ದಾರಿಯೂ ಚೆನ್ನಾಗಿಯೇ ಇದೆ: ಅದೇ ಕಂಪ್ಯೂಟರಿನಲ್ಲಿ ಒಂದು ಸಣ್ಣ ಸೇವೆ ಯಂತ್ರವನ್ನು ಓದುತ್ತದೆ, ಪುಟ 127.0.0.1 ವಿಳಾಸದಲ್ಲಿ, ಅಂದರೆ ಅದೇ ಕಂಪ್ಯೂಟರಿನೊಳಗೆ, ಅದನ್ನು ಕೇಳುತ್ತದೆ. ಆಧಾರ್ ಬೆರಳಚ್ಚು ಸಾಧನಗಳ ಆರ್‌ಡಿ ಸೇವೆ ಹೀಗೆಯೇ 11100ರಿಂದ 11120ರವರೆಗಿನ ಜಾಲದ ಪೋರ್ಟ್ ಸಂಖ್ಯೆಗಳಲ್ಲಿ ಒಂದರಲ್ಲಿ ಕುಳಿತಿರುತ್ತದೆ. ನೀವು ಅಂಥ ಸೇವೆ ಬರೆದರೆ, ಕೇಳುತ್ತಿರುವ ಪುಟ ಯಾವ ಜಾಲತಾಣದ್ದೆಂದು ತಪ್ಪದೆ ಪರಿಶೀಲಿಸಿ. ಪುಟ ಮತ್ತು ಸೇವೆಯ ನಡುವೆ ಸದಾ ತೆರೆದಿರುವ ಸಂಪರ್ಕವಾದ ವೆಬ್‌ಸಾಕೆಟ್ ಆದರಂತೂ ಪರಕೀಯ ತಾಣವನ್ನು ಬ್ರೌಸರ್ ತಡೆಯುತ್ತದೆಂದು ನಂಬುವಂತಿಲ್ಲ; ಬಾಗಿಲು ಕಾಯುವ ಹೊಣೆ ನಿಮ್ಮದೇ.

ಇನ್ನು ಚೀಟಿ. ಇದು ನನಗೆ ಬಹಳ ಹತ್ತಿರದ ವಿಷಯ. ಸಣ್ಣ ಪ್ರಿಂಟರ್‌ಗಳು ಎಪ್ಸನ್ ರೂಪಿಸಿದ ಇಎಸ್‌ಸಿ-ಪಿಒಎಸ್ ಆಜ್ಞೆಗಳನ್ನು ಅರಿಯುತ್ತವೆ, ಆದರೆ ಸಾಮಾನ್ಯವಾಗಿ ಅವುಗಳೊಳಗೆ ಕನ್ನಡ ಅಕ್ಷರಗಳಿಲ್ಲ. ಅಕ್ಷರಗಳಿದ್ದರೂ ಒತ್ತಕ್ಷರ ಕೂಡಿಸುವುದು ಅವುಗಳಿಗೆ ತಿಳಿಯದು. ಇದೊಂದೇ ಕಾರಣಕ್ಕೆ ಕನ್ನಡ ಓದುವ ರೈತನಿಗೆ ಇಂಗ್ಲಿಷ್ ಚೀಟಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಉಪಾಯ ಕಷ್ಟದ್ದೇನಲ್ಲ. ಹೆಸರು, ತೂಕ, ಫ್ಯಾಟ್, ದರ ಎಲ್ಲವನ್ನೂ ತಂತ್ರಾಂಶದಲ್ಲೇ ಚಿತ್ರವಾಗಿ ಬಿಡಿಸಿ ಪ್ರಿಂಟರ್‌ಗೆ ಕಳುಹಿಸಿ. 58 ಮಿಲಿಮೀಟರ್ ಕಾಗದದಲ್ಲಿ ಮುದ್ರಣದ ಅಗಲ 48 ಮಿಲಿಮೀಟರ್, ಮಿಲಿಮೀಟರಿಗೆ 8 ಚುಕ್ಕಿ, ಒಟ್ಟು 384. ಒಂದು ಬೈಟ್‌ಗೆ 8 ಚುಕ್ಕಿಯಂತೆ ಚುಕ್ಕಿಗಳ ಪ್ರತಿ ಸಾಲಿಗೆ 48 ಬೈಟ್ ಆಯಿತು. ಪಠ್ಯ ಕಳುಹಿಸುವುದಕ್ಕಿಂತ ತುಸು ನಿಧಾನ, ಅಷ್ಟೇ.

ಈ ಮೇಜಿನ ಮೇಲೆ ತಕ್ಕಡಿಯನ್ನೂ ಪ್ರಿಂಟರನ್ನೂ ಜೋಡಿಸಿಟ್ಟಿದ್ದೇನೆ. ಇಬ್ಬರು ಮುಂದೆ ಬನ್ನಿ. ಒಬ್ಬರು ನೀರಿನ ಕ್ಯಾನು ಇಡಿ, ಇನ್ನೊಬ್ಬರು ತೂಕ ಬರುತ್ತಿರುವಾಗಲೇ ತಂತಿ ಕೀಳಿ. ಪರದೆಯ ಮೇಲೆ ಏನು ಬರುತ್ತದೆಂದು ಎಲ್ಲರೂ ಒಟ್ಟಿಗೆ ನೋಡೋಣ.