"ಖುಷೀ ಮಿಸ್" ಅಂತ ಎಲ್ಲರೂ ಕೂಗಿದ ಮೇಲೆ

ಪ್ರಾರ್ಥನೆ ಮುಗಿಸಿ ಮಕ್ಕಳು ಒಳಗೆ ಬಂದು ಕೂತಿದ್ದಾರೆ. ಗೋಡೆ ಮೇಲೆ ಐದು ಹಳದಿ ಮುಖಗಳ ಚಾರ್ಟ್: ಖುಷಿ, ದುಃಖ, ಸಿಟ್ಟು, ಭಯ, ಆಶ್ಚರ್ಯ. "ಇವತ್ತು ನಿಮಗೆ ಹೇಗನಿಸ್ತಿದೆ?" ಅಂತ ಟೀಚರ್ ಕೇಳ್ತಾರೆ. ಮೂವತ್ತು ಗಂಟಲು ಒಟ್ಟಿಗೆ, "ಖುಷೀ ಮಿಸ್!" ಅಲ್ಲಿಗೆ ಆ ದಿನದ ಸಾಮಾಜಿಕ-ಭಾವನಾತ್ಮಕ ಕಲಿಕೆ, ಅಂದ್ರೆ ಭಾವನೆ ಗುರುತಿಸೋದು, ಬೇರೆಯವರ ಜೊತೆ ಬೆರೆಯೋದು ಕಲಿಸೋ ಪಾಠ, ಮುಗೀತು. ದಿನಚರಿ ಪುಸ್ತಕದಲ್ಲಿ ಬರೆದದ್ದೂ ಆಯ್ತು.

ಈಗ ಅದೇ ಕೋಣೆಯನ್ನ ಇನ್ನೊಂದ್ಸಲ ನೋಡಿ. ಕಣ್ಣು ಕಾಣದ ಮಗುವಿಗೆ ಆ ಚಾರ್ಟ್ ಬರೀ ಗೋಡೆ. ಸೆರೆಬ್ರಲ್ ಪಾಲ್ಸಿ ಇರೋ ಮಗುವಿನ ಮುಖದ ಸ್ನಾಯು ಅದರ ಮಾತು ಕೇಳದೇ ಇರಬಹುದು. ಒಳಗೆ ನಗು, ಹೊರಗೆ ಬೇರೆ ಏನೋ. ಆಟಿಸಂ ಇರೋ ಎಷ್ಟೋ ಮಕ್ಕಳಿಗೆ ಮುಖ ಓದೋದಷ್ಟೇ ಅಲ್ಲ, ತಮ್ಮ ಮೈಯೊಳಗಿನ ಸದ್ದು ಕೇಳಿಸ್ಕೊಳ್ಳೋದೂ ಕಷ್ಟ: ಹಸಿವೋ, ಭಯವೋ, ಮೂತ್ರಕ್ಕೆ ಅವಸರವೋ ಗೊತ್ತಾಗಲ್ಲ. ಬೌದ್ಧಿಕ ಅಂಗವೈಕಲ್ಯ ಇರೋ ಮಗು ನೀವು ಕೊನೆಗೆ ಹೇಳಿದ ಪದವನ್ನೇ ವಾಪಸ್ ಹೇಳಬಹುದು. ಅಂದ್ರೆ ಈ ಪಾಠ ಯಾರಿಗೆ ಹೆಚ್ಚು ಬೇಕಿತ್ತೋ ಅವರನ್ನೇ ಬಿಟ್ಟು ನಡೀತು.

ನನ್ನ ವಾದ ಇಷ್ಟೇ. ಭಾವನೆಗೆ ಅಂತ ಬೇರೆ ಪಿರಿಯಡ್ ಇಟ್ಟರೂ ಇಡದಿದ್ದರೂ, ಸಮನ್ವಯ ಶಿಕ್ಷಣದ, ಅಂದ್ರೆ ಅಂಗವಿಕಲ ಮಕ್ಕಳೂ ಎಲ್ಲರ ಜೊತೆ ಕಲಿಯೋ ತರಗತೀಲಿ ಪ್ರತಿ ಚಟುವಟಿಕೇನೂ ಅದನ್ನ ಮಾಡಲಾಗದ ಮಗುವಿನಿಂದ ಶುರುವಾಗಬೇಕು. ಇದು ನಮ್ಮ ದೊಡ್ಡ ಮನಸ್ಸಿನ ಮಾತಲ್ಲ, ಕಾನೂನಿನ ಮಾತು. 1995ರ ಕಾಯ್ದೇಲಿ ಅಂಗವೈಕಲ್ಯದ ಬಗೆ 7 ಇದ್ದವು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನ 21ಕ್ಕೆ ಏರಿಸಿತು. ಅದರ 16ನೇ ಕಲಂ ಮಗುವಿನ ಓದಿನ ಜೊತೆಗೆ ಸಾಮಾಜಿಕ ಬೆಳವಣಿಗೆಗೂ ಬೇಕಾದ ಬೆಂಬಲ ಕೊಡಿ ಅಂತ ಸರ್ಕಾರಿ, ಅನುದಾನಿತ, ಮಾನ್ಯತೆ ಪಡೆದ ಶಾಲೆಗಳಿಗೆಲ್ಲ ಹೇಳುತ್ತೆ. ರ್‍ಯಾಂಪ್ ಕಟ್ಟಿಸಿ ಕೈ ತೊಳ್ಕೊಳ್ಳೋ ಹಾಗಿಲ್ಲ.

ಚಾರ್ಟಿನ ಬದಲು ಏನು? ಮುಖ ಬಿಡಿ, ಮೈ ಹಿಡೀರಿ. ಈ ವಿಷಯದಲ್ಲಿ ಕನ್ನಡಕ್ಕೆ ಒಂದು ಅನುಕೂಲ ಇದೆ. ಎದೆ ಡವಡವ, ಕೈ ನಡುಕ, ಮೈ ಬಿಸಿ, ಗಂಟಲು ಕಟ್ಟೋದು, ತಲೆ ಧಿಮ್ಮನ್ನೋದು... ನಮ್ಮ ಮಾತು ಭಾವನೆಯನ್ನ ಅಂಗದಲ್ಲೇ ಇಟ್ಟಿದೆ. "ನಿನಗೆ ಭಯಾನಾ?" ಅನ್ನೋ ಬದಲು "ಎದೆ ಮೇಲೆ ಕೈ ಇಡು, ಜೋರಾಗಿ ಬಡೀತಿದ್ಯಾ?" ಅಂತ ಕೇಳಿ. ಹಾಂ, ಒಂದು ಎಚ್ಚರ. "ಅವನಿಗೆ ಹೊಟ್ಟೆಯುರಿ" ಅಂದ್ರೆ ಆಟಿಸಂ ಇರೋ ಮಗು ಅದನ್ನ ಹೊಟ್ಟೆನೋವು ಅಂತ್ಲೇ ತಿಳ್ಕೊಳ್ಳಬಹುದು. ನುಡಿಗಟ್ಟು ಬಳಸಿದ್ರೆ ಅದರ ಅರ್ಥಾನೂ ಅಲ್ಲೇ ಬಿಡಿಸಿ ಹೇಳಬೇಕು.

ಇನ್ನು "ಬೇಜಾರು". ಈ ಒಂದು ಪದಾನ ನಾವೆಲ್ಲ ಚೀಲದ ಥರ ಬಳಸ್ತೀವಿ. ಹೊತ್ತು ಹೋಗ್ತಿಲ್ಲ ಅಂದ್ರೂ ಬೇಜಾರು, ಯಾರೋ ಬೈದ್ರೂ ಬೇಜಾರು, ಸುಸ್ತಾದ್ರೂ ಬೇಜಾರು, ಅಜ್ಜಿ ಊರಿಗೆ ಹೋದ್ರೂ ಬೇಜಾರು. ಮಗು "ಬೇಜಾರು" ಅಂದಾಗ ಪಾಠ ಅಲ್ಲಿಂದ ಶುರುವಾಗಬೇಕು. ನಾವು ಅಲ್ಲೇ ನಿಲ್ಲಿಸಿಬಿಡ್ತೀವಿ. ಎರಡೇ ಆಯ್ಕೆ ಕೊಡಿ: "ಕೆಲಸ ಇಲ್ದೆ ಬೇಜಾರಾ, ಯಾರಾದ್ರೂ ಏನಾದ್ರೂ ಅಂದ್ರಾ?" ಎರಡು ದಪ್ಪ ರಟ್ಟಿನ ಕಾರ್ಡ್ ಸಾಕು. ಒಂದಕ್ಕೆ ಉಪ್ಪುಕಾಗದ, ಇನ್ನೊಂದಕ್ಕೆ ಮೆತ್ತನೆ ಬಟ್ಟೆ ಅಂಟಿಸಿದ್ರೆ ಬೆರಳಲ್ಲೂ ಓದಬಹುದು. ಮಗು ಒಂದನ್ನ ಮುಟ್ಟಿದ ಮೇಲೆ ಕಾರ್ಡ್‌ಗಳ ಜಾಗ ಅದಲು ಬದಲು ಮಾಡಿ ಇನ್ನೊಮ್ಮೆ ಕೇಳಿ. ಎರಡು ಸಲಾನೂ ಬಲಗಡೆದೇ ಮುಟ್ಟಿದ್ರೆ ಅದು ಉತ್ತರ ಅಲ್ಲ, ಅಭ್ಯಾಸ. ಮೂರನೇ ಕಾರ್ಡ್ ಒಂದಿರಲಿ, "ಹೇಳಲ್ಲ" ಅಂತ. ಹೇಳದೇ ಇರೋ ಹಕ್ಕು ಇದ್ದಾಗ್ಲೇ ಮಗು ಹೇಳಿದ ಮಾತಿಗೆ ಬೆಲೆ.

ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಅನ್ನೋ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ರು: ಪ್ರಶ್ನೆ ಕೇಳಿ ಟೀಚರ್ ಕಾಯೋದು ಸುಮಾರು ಒಂದು ಸೆಕೆಂಡ್, ಅದನ್ನ ಮೂರಕ್ಕೆ ಏರಿಸಿದ್ರೆ ಉತ್ತರದ ಉದ್ದ, ಗುಣ ಎರಡೂ ಬದಲಾಗುತ್ತೆ. ಮಾತು ನಿಧಾನ ಇರೋ ಮಗುವಿಗೆ ಮನಸ್ಸಲ್ಲೇ ಹತ್ತು ಎಣಿಸಿ. ಮಧ್ಯೆ ಪ್ರಶ್ನೇನ ಬೇರೆ ಪದದಲ್ಲಿ ಕೇಳಬೇಡಿ, ಮಗು ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತೆ.

"ಕಣ್ಣು ಮುಚ್ಚಿ, ಉಸಿರು ಗಮನಿಸಿ" ಅನ್ನೋದು ಈಗಿನ ಫ್ಯಾಷನ್. ಕಿವಿ ಕೇಳದ ಮಗು ಕಣ್ಣು ಮುಚ್ಚಿದ್ರೆ ನಿಮ್ಮ ಜೊತೆ ಸಂಪರ್ಕಾನೇ ಕಡೀತು, ಯಾವಾಗ ತೆಗೀಬೇಕು ಅಂತಾನೂ ಗೊತ್ತಾಗಲ್ಲ. ಮನೇಲಿ ಏಟು ತಿಂದು ಬಂದ ಮಗುವಿಗಂತೂ ಕತ್ತಲಲ್ಲಿ ಕೂರೋದೇ ಹೆದರಿಕೆ. ಕಣ್ಣು ತೆರೆದೇ ಇರಲಿ. ಎಡಗೈ ಅಗಲಿಸಿ, ಬಲಗೈ ತೋರುಬೆರಳು ಹೆಬ್ಬೆರಳಿನ ಬುಡದಿಂದ ಮೇಲೆ ಹೋದಾಗ ಉಸಿರು ಒಳಗೆ, ಇಳಿದಾಗ ಹೊರಗೆ. ಐದು ಬೆರಳು, ಐದು ಉಸಿರು, ಒಂದು ನಿಮಿಷಾನೂ ಹಿಡಿಯಲ್ಲ.

ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳ ನಲಿಕಲಿ ತರಗತೀಲಿ ಇದಕ್ಕೆಲ್ಲ ಜಾಗ ಮೊದಲೇ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತೀಲಿ ಮಕ್ಕಳು ಒಂದು ತಟ್ಟೆಯಿಂದ (ಇಲ್ಲಿ ತಟ್ಟೆ ಅಂದ್ರೆ ಕಲಿಯೋಕೆ ಕೂರೋ ಗುಂಪು) ಇನ್ನೊಂದು ತಟ್ಟೆಗೆ ಹೋಗ್ತಾ, ಒಮ್ಮೆ ಟೀಚರ್ ಜೊತೆ, ಒಮ್ಮೆ ಗೆಳೆಯರ ಜೊತೆ, ಒಮ್ಮೆ ಒಬ್ಬರೇ ಕಲೀತಾರೆ. ಕಿರುಚಾಟ, ತಳ್ಳಾಟ ಹೆಚ್ಚು ಆಗೋದು ಕಲಿಯುವಾಗ ಅಲ್ಲ, ತಟ್ಟೆ ಬದಲಿಸುವಾಗ. ಐದು ನಿಮಿಷ ಮುಂಚೆ ಒಂದ್ಸಲ, ಒಂದು ನಿಮಿಷ ಮುಂಚೆ ಇನ್ನೊಂದ್ಸಲ ಸೂಚನೆ ಕೊಡಿ. "ಮೊದಲು ಈ ಕಾರ್ಡ್, ಆಮೇಲೆ ಗೋಡೆ ಹಲಗೆ" ಅಂತ ಎರಡು ಚಿತ್ರ ತೋರಿಸಿ. ಬಿಸಿಯೂಟಕ್ಕೂ ಇದೇ. ಸ್ಟೀಲ್ ತಟ್ಟೆಗಳ ಸದ್ದು, ಸಾಲಿನ ನೂಕಾಟ, ಸಾಂಬಾರಿನ ವಾಸನೆ ಮೂರೂ ಒಟ್ಟಿಗೆ ಮೈಮೇಲೆ ಬೀಳೋದಕ್ಕಿಂತ ಐದು ನಿಮಿಷ ಮುಂಚೆ ಅದನ್ನ ತಡೀಲಾಗದ ಮಗುವನ್ನ ಒಬ್ಬ ಗೆಳೆಯನ ಜೊತೆ ಕಳಿಸಿ. ದಿನಾ ಒಂಟಿಯಾಗಿ ಕಳಿಸಿದ್ರೆ ಮಾತ್ರ ಅದು ಪಂಕ್ತಿಭೇದ.

ಮಗು ಸಮಾಧಾನ ಮಾಡ್ಕೊಳ್ಳೋಕೆ ಒಂದು ಶಾಂತ ಮೂಲೆ ಮಾಡ್ತೀರಾ? ಒಂದು ಚಾಪೆ, ಬಾಗಿಲಿಂದ ದೂರ, ಐದು ನಿಮಿಷದ ಮರಳು ಗಡಿಯಾರ, ಹಿಂಡೋಕೆ ಒಂದು ಬಟ್ಟೆ ಚೆಂಡು. ಇದು ಕೆಡೋದು ಒಂದೇ ವಾಕ್ಯದಿಂದ: "ಹೋಗು, ಆ ಮೂಲೇಲಿ ಕೂತ್ಕೋ!" ಅಲ್ಲಿಗೆ ಅದು ಶಿಕ್ಷೆಯ ಮೂಲೆ. ಮೊದಲ ಎರಡು ವಾರ ಎಲ್ಲ ಮಕ್ಕಳೂ, ಟೀಚರ್ ಕೂಡ, ಸಮಾಧಾನವಾಗಿರುವಾಗ್ಲೇ ಸರದಿ ಮೇಲೆ ಅಲ್ಲಿ ಕೂತು ಎದ್ದು ಬರಲಿ. ಮಗು ಕಿರುಚ್ತಾ ಇರುವಾಗ ಬುದ್ಧಿವಾದ ಬೇಡ, ಆಗ ಅದಕ್ಕೆ ಭಾಷೆ ಕೇಳಿಸಲ್ಲ. "ನಾನಿಲ್ಲೇ ಇದ್ದೀನಿ." ಅಷ್ಟು ಸಾಕು. ಮಾತೆಲ್ಲ ಅರ್ಧ ಗಂಟೆ ಬಿಟ್ಟು.

ಎಲ್ಲಕ್ಕಿಂತ ನನಗೆ ಅಪಾಯ ಅನ್ನಿಸೋ ಪದ "ಪಾಪ". "ಪಾಪ, ಅವನಿಗೆ ಸಹಾಯ ಮಾಡಿ" ಅಂತ ಹೇಳಿಕೊಟ್ಟದ್ದು ಅನುಕಂಪ, ಗೆಳೆತನ ಅಲ್ಲ. ಯಾವಾಗಲೂ ಅದೇ ಶಾಣ್ಯಾ ಹುಡುಗಿ ಚೀಲ ಹೊರೋದು, ಮೂಗು ಒರೆಸೋದು, ನೋಟ್ಸ್ ಬರೆದುಕೊಡೋದು. ಆ ಹುಡುಗೀನ ಪುಟ್ಟ ಆಯಾ ಮಾಡಿಟ್ಟಿದ್ದೀವಿ. ಜೊತೆಗಾರರು ವಾರಕ್ಕೊಬ್ಬರು ಬದಲಾಗಲಿ. "ಕೈ ಹಿಡೀಲಾ?" ಅಂತ ಕೇಳಿ, ಉತ್ತರ ಬಂದ ಮೇಲೆ ಹಿಡೀಲಿ. ಸಹಾಯ ಪಡೆಯೋ ಮಗುವಿಗೂ ವಾರದಲ್ಲಿ ಒಂದು ಕೆಲಸ ಇರಲೇಬೇಕು: ಹವಾಮಾನ ಚಾರ್ಟ್ ತುಂಬೋದೋ, ಹಾಜರಿ ಕರೆಯೋದೋ. ಡೇಮಿಯನ್ ಮಿಲ್ಟನ್ ಅನ್ನೋ ಆಟಿಸಂ ಇರುವ ವಿದ್ವಾಂಸರು 2012ರಲ್ಲಿ ಒಂದು ಮಾತು ಮುಂದಿಟ್ಟರು: ಅರ್ಥವಾಗದಿರೋದು ಎರಡೂ ಕಡೆ. ಆ ಮಗು ನಿಮ್ಮನ್ನ ಓದಲಾರದು ಅಂತೀರಿ, ನೀವೂ ಆ ಮಗುವನ್ನ ಓದ್ತಿಲ್ಲ. ಹಾಗಿದ್ಮೇಲೆ "ಕಣ್ಣಲ್ಲಿ ಕಣ್ಣಿಟ್ಟು ಮಾತಾಡು" ಅಂತ ಆ ಮಗುವಿಗೆ ಮಾತ್ರ ಯಾಕೆ ತರಬೇತಿ? ಅವನು ಬೇರೆ ಕಡೆ ನೋಡ್ತಾನೂ ಕೇಳಿಸ್ಕೊಳ್ತಿರ್ತಾನೆ ಅಂತ ಉಳಿದವರಿಗೂ ಹೇಳಿಕೊಡಿ.

"ಒಬ್ಬರೇ ಟೀಚರ್, ಮೂರು ತರಗತಿ, ಇದಕ್ಕೆಲ್ಲ ಹೊತ್ತೆಲ್ಲಿ?" ನಿಜವಾದ ಪ್ರಶ್ನೆ. ಮೇಲೆ ಹೇಳಿದ್ದರಲ್ಲಿ ಹೆಚ್ಚಿನದಕ್ಕೆ ಬೇರೆ ಹೊತ್ತು ಬೇಡ. ಆದರೆ ಮಗುವಿಗೆ ಶೌಚಾಲಯಕ್ಕೆ ಹೋಗೋಕೂ ಆಸರೆ ಬೇಕಿದ್ದಾಗ ಯಾವ ಕಾರ್ಡೂ ಕೆಲಸಕ್ಕೆ ಬರಲ್ಲ, ಇನ್ನೊಂದು ಜೊತೆ ಕೈ ಬೇಕು. ಅದನ್ನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದ್ರೆ ಎಸ್‌ಡಿಎಂಸಿ ಸಭೇಲಿ ಬಾಯಿಬಿಟ್ಟು ಕೇಳಿ, ನಡಾವಳೀಲಿ ಬರೆಸಿ. ಟೀಚರ್ ತಾಳ್ಮೆಯಿಂದ ತುಂಬೋ ಕೊರತೆ ಅಲ್ಲ ಅದು.

ಕೊನೇದಾಗಿ, ಅಂಕ ಬೇಡ. "ಸಹಾನುಭೂತಿ: ಬಿ ಪ್ಲಸ್" ಅಂತ ಪ್ರಗತಿ ಪತ್ರದಲ್ಲಿ ಬರೆಯೋದು ಹಾಸ್ಯಾಸ್ಪದ. ಅದರ ಬದಲು ಒಂದು ನೋಟ್‌ಬುಕ್ ಪುಟದಲ್ಲಿ ಮೂರು ಕಾಲಂ ಮಾಡಿ: ಮಗು ಎಷ್ಟು ಗಂಟೆಗೆ ಕಿರುಚಾಡ್ತು, ಅದಕ್ಕೆ ಮುಂಚೆ ಏನಾಯ್ತು, ಆಮೇಲೆ ನೀವೇನು ಮಾಡಿದ್ರಿ. ಹತ್ತು ಶಾಲಾ ದಿನ ಬರೀರಿ. ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದ್ರೆ ಬಿಐಇಆರ್‌ಟಿ ಶಾಲೆಗೆ ಬಂದಾಗ "ತುಂಬಾ ಹಠ ಮಾಡ್ತಾನೆ" ಅನ್ನಬೇಡಿ, ಆ ಪುಟ ತೋರಿಸಿ. ಹತ್ತು ದಿನದಲ್ಲಿ ಏಳು ಸಲ ಊಟದ ಬೆಲ್ ಆದ ತಕ್ಷಣ ಅಂತ ಅದರಲ್ಲಿದ್ರೆ, ಆ ಮಗುವನ್ನ ಬೆಲ್ಲಿನಿಂದ ಎಷ್ಟು ದೂರ ಕೂರಿಸಬಹುದು ಅಂತ ಇಬ್ಬರೂ ಸೇರಿ ಅವತ್ತೇ ನೋಡಬಹುದು.