ಭರಣಿಯ ಉಪ್ಪು, ತಟ್ಟೆಯ ಉಪ್ಪು

ಎಲ್ಲರಿಗೂ ನಮಸ್ಕಾರ. ಉಪ್ಪು ಮತ್ತು ಆರೋಗ್ಯದ ಬಗ್ಗೆ ಉಪನ್ಯಾಸ ಎಂದ ಕೂಡಲೇ, ಉಪ್ಪಿನಕಾಯಿ ಬಿಡಿ ಎಂದು ಹೇಳಲು ಯಾರೋ ಬಂದರು ಎಂದು ನೀವು ಅಂದುಕೊಂಡಿರಬಹುದು. ಮಲೆನಾಡಿನಲ್ಲಿ ನಿಂತು ಆ ಮಾತು ಆಡುವಷ್ಟು ಧೈರ್ಯ ನನಗಿಲ್ಲ. ನಾನೂ ಮಿಡಿ ಇಲ್ಲದೆ ಮೊಸರನ್ನ ಉಣ್ಣುವವನಲ್ಲ.

ಅಪ್ಪೆಮಿಡಿಯ ಭರಣಿಯಿಂದಲೇ ಶುರುಮಾಡುತ್ತೇನೆ. ಮಿಡಿಯನ್ನು ನೆಲಕ್ಕೆ ಬೀಳಿಸದೆ, ತೊಟ್ಟಿನ ಸಮೇತ ಕೊಯ್ದು, ತೊಳೆದು ಒರೆಸಿ, ಹರಳುಪ್ಪಿನೊಂದಿಗೆ ಪದರ ಪದರವಾಗಿ ತುಂಬುತ್ತೇವೆ. ನಮ್ಮ ಮನೆಯಲ್ಲಿ ಇದಕ್ಕೆ ಒಂದು ಹನಿ ನೀರನ್ನೂ ಹಾಕುವುದಿಲ್ಲ. ಆದರೂ ಕೆಲವು ದಿನ ಬಿಟ್ಟು ಮುಚ್ಚಳ ತೆಗೆದರೆ ಮಿಡಿಗಳು ಚಿರುಟಿಕೊಂಡು ನೀರಿನಲ್ಲಿ ಮುಳುಗಿರುತ್ತವೆ. ಅದು ಮಿಡಿಯೊಳಗಿನದೇ ನೀರು. ಉಪ್ಪು ಹೆಚ್ಚಿರುವ ಕಡೆಗೆ ನೀರು ಹೋಗುತ್ತದೆ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಗುಣದ ಮೇಲೆಯೇ ನಿಂತಿದೆ.

ಆಹಾರ ಕೆಡಿಸುವ ಬ್ಯಾಕ್ಟೀರಿಯಾಗಳ ಒಳಗಿನ ನೀರೂ ಹೀಗೆಯೇ ಹೊರಗೆ ಬರುತ್ತದೆ. ನೀರು ಸಿಗದಿದ್ದರೆ ಅವು ಬೆಳೆಯಲಾರವು. ಮಾರಕ ವಿಷ ಉತ್ಪಾದಿಸುವ ಬೊಟುಲಿನಮ್ ಬ್ಯಾಕ್ಟೀರಿಯಾ ಕೂಡ ನೂರಕ್ಕೆ 10ರಷ್ಟು ಉಪ್ಪಿರುವಲ್ಲಿ ಬೆಳೆಯುವುದಿಲ್ಲ. ಆದರೆ ಉಪ್ಪು ಎಲ್ಲವನ್ನೂ ಕೊಲ್ಲುತ್ತದೆ ಎಂದು ತಿಳಿಯಬೇಡಿ, ಹೆಚ್ಚಿನವನ್ನು ಕಟ್ಟಿಹಾಕುತ್ತದೆ ಅಷ್ಟೆ. ಒದ್ದೆ ಸೌಟು ಇಳಿದರೆ ಮೇಲ್ಪದರದ ಉಪ್ಪು ತೆಳುವಾಗಿ ಕಟ್ಟು ಬಿಚ್ಚುತ್ತದೆ, ಬೂಸ್ಟು ಹಿಡಿಯುತ್ತದೆ. ಭರಣಿಗೆ ಒದ್ದೆ ಕೈ ಹಾಕಿದ ಸೊಸೆಯಂದಿರು ತಿಂದ ಬೈಗುಳದಲ್ಲಿ ಒಳ್ಳೆಯ ವಿಜ್ಞಾನವಿತ್ತು. ಅದನ್ನು ಅತ್ತೆಯಂದಿರು ಇನ್ನಷ್ಟು ಮೆಲ್ಲಗೆ ಹೇಳಬಹುದಿತ್ತು, ಆ ಮಾತು ಬೇರೆ.

ಈಗ ಅದೇ ಉಪ್ಪು ನಮ್ಮೊಳಗೆ ಹೋದಾಗ ಏನಾಗುತ್ತದೆ? ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಾವು ಪಾಪಪುಣ್ಯದ ಲೆಕ್ಕಕ್ಕೆ ಬಳಸುತ್ತೇವೆ. ದೇಹದ ಮಟ್ಟಿಗೆ ಅದು ಅಕ್ಷರಶಃ ನಿಜ. ಉಪ್ಪಿನ ಸೋಡಿಯಂ ರಕ್ತಕ್ಕೆ ಸೇರಿದಂತೆ ಬಾಯಾರಿಕೆಯಾಗುತ್ತದೆ, ಮೂತ್ರಪಿಂಡಗಳು ನೀರನ್ನು ಹಿಡಿದಿಡುತ್ತವೆ, ರಕ್ತನಾಳಗಳಲ್ಲಿ ಹರಿಯುವ ದ್ರವ ಹೆಚ್ಚುತ್ತದೆ. ವರ್ಷಗಟ್ಟಲೆ ಹೀಗೆಯೇ ನಡೆದರೆ ಹಲವರಲ್ಲಿ ರಕ್ತದೊತ್ತಡ ಏರುತ್ತದೆ, ಅದರ ಹಿಂದೆಯೇ ಪಾರ್ಶ್ವವಾಯು, ಹೃದಯದ ತೊಂದರೆ ಬರುತ್ತವೆ. ಮಿಡಿಯಿಂದ ನೀರು ಎಳೆದ ಗುಣವೇ ಇಲ್ಲಿ ನೀರನ್ನು ಹಿಡಿದುಕೊಂಡು ಕೂರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು, ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಸಾರು, ಪಲ್ಯ, ದೋಸೆ ಎಲ್ಲದರ ಉಪ್ಪೂ ಇದರಲ್ಲೇ ಬಂತು. ಉಪ್ಪನ್ನೇ ನಂಬಿ ವರ್ಷ ಕಳೆಯುವ ಉಪ್ಪಿನಕಾಯಿಯಲ್ಲಿ ನೂರಕ್ಕೆ 12ರಷ್ಟು ಉಪ್ಪಿದೆ ಎಂದು ಹಿಡಿಯಿರಿ. ಅದರ 20 ಗ್ರಾಂ ತಟ್ಟೆಗೆ ಬಿದ್ದರೆ 2.4 ಗ್ರಾಂ ಉಪ್ಪು. ದಿನದ ಪಾಲಿನಲ್ಲಿ ಅರ್ಧ ಅಲ್ಲಿಗೇ ಮುಗಿಯಿತು. ಹಪ್ಪಳಕ್ಕೆ ಹಾಕುವ ಸೋಡಾದಲ್ಲೂ ಸೋಡಿಯಂ ಇದೆ. ಅದು ಉಪ್ಪೆಂದು ನಾಲಿಗೆಗೆ ತಿಳಿಯುವುದಿಲ್ಲ, ಅಷ್ಟೆ.

ಹಾಗಾದರೆ ನಮ್ಮ ಹಿರಿಯರು ಇಷ್ಟು ಉಪ್ಪನ್ನು ತಿಂದೇ ಬದುಕಿದರೇ? ಹಲಸಿನ ಉಪ್ಪುಸೊಳೆಯನ್ನು ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಬಲಿತ ಕಾಯಿಯ ಸೊಳೆ ಬಿಡಿಸಿ ಉಪ್ಪಿನಲ್ಲಿ ಹಾಕಿಟ್ಟು, ತರಕಾರಿ ಸಿಗದ ಆಟಿ ತಿಂಗಳಲ್ಲಿ ಹೊರತೆಗೆಯುತ್ತಿದ್ದರು. ಹಾಗೆಯೇ ಬೇಯಿಸುತ್ತಿರಲಿಲ್ಲ. ನೀರಿನಲ್ಲಿ ನೆನೆಹಾಕಿ, ನೀರು ಚೆಲ್ಲಿ, ಮತ್ತೆ ಹಿಂಡಿ, ಉಪ್ಪು ಇಳಿದ ಮೇಲೆ ಪಲ್ಯವೋ ರೊಟ್ಟಿಯೋ ಮಾಡುತ್ತಿದ್ದರು. ಉಪ್ಪಿನಲ್ಲಿಟ್ಟ ಮಾವಿನಕಾಯಿಯ ಗೊಜ್ಜಿಗೆ ಬೇರೆ ಉಪ್ಪು ಬೀಳುತ್ತಿರಲಿಲ್ಲ. ಹಾಕುವುದು ಕಾಯಿಯ ರಕ್ಷಣೆಗೆ, ತೆಗೆಯುವುದು ತಿನ್ನುವವರ ರಕ್ಷಣೆಗೆ. ಅವರಿಗೆ ರಕ್ತದೊತ್ತಡ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ, ಅಳೆಯುವ ಯಂತ್ರ ಎಷ್ಟು ಮನೆಗಳಿಗೆ ಬಂದಿತ್ತು? ಆದರೆ ಆ ಎರಡನೆಯ ಕೆಲಸವನ್ನು ನಾವು ಮರೆತಿದ್ದೇವೆ. ಫ್ರಿಜ್ ಬಂದ ಮೇಲೂ ಭರಣಿಯ ಅಳತೆಯಲ್ಲೇ ಉಪ್ಪು ಸುರಿಯುತ್ತಿದ್ದೇವೆ.

ಹೊಟ್ಟೆಯ ಕ್ಯಾನ್ಸರ್ ವಿಷಯ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಉಪ್ಪಿನಲ್ಲಿಟ್ಟ ಆಹಾರವನ್ನು ಬಹಳವಾಗಿ ತಿನ್ನುವವರಲ್ಲಿ ಅದರ ಅಪಾಯ ಹೆಚ್ಚೆಂದು ಜಪಾನ್, ಕೊರಿಯಾ ಮುಂತಾದ ಕಡೆಯ ಅಧ್ಯಯನಗಳು ತೋರಿಸಿವೆ. ಊಟಕ್ಕೊಂದು ಮಿಡಿ ನಂಜಿಕೊಳ್ಳುವವರು ಗಾಬರಿಪಡಬೇಕಿಲ್ಲ. ರಕ್ತದೊತ್ತಡ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಆ ಒಂದರ ಲೆಕ್ಕವನ್ನೂ ವೈದ್ಯರ ಬಳಿ ಕೇಳಬೇಕು.

ಈ ಮಾತು ಆಡಿದಾಗಲೆಲ್ಲ ಯಾರಾದರೂ ಕೇಳುತ್ತಾರೆ: ಹಾಗಾದರೆ ಅರ್ಧ ಉಪ್ಪು ಹಾಕಿ ಮಿಡಿ ಮಾಡಬಹುದೇ? ಮಾಡಬಹುದು. ಆದರೆ ಸ್ವಲ್ಪವೇ ಮಾಡಿ, ಚಿಕ್ಕ ಗಾಜಿನ ಬಾಟಲಿಯಲ್ಲಿ ತುಂಬಿ, ಮೊದಲ ದಿನದಿಂದಲೇ ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿ. ಅರ್ಧ ಉಪ್ಪಿನ ಮಿಡಿಯನ್ನು ಅಜ್ಜಿಯ ಭರಣಿಗೆ ಹಾಕಿ ಅಟ್ಟಕ್ಕೆ ಏರಿಸಿದಿರೋ, ಮಳೆಗಾಲಕ್ಕೆ ಮೊದಲೇ ಅದನ್ನು ಗೊಬ್ಬರದ ಗುಂಡಿಗೆ ಸುರಿಯಬೇಕಾಗುತ್ತದೆ. ನಾನು ಒಮ್ಮೆ ಸುರಿದಿದ್ದೇನೆ, ಮುನ್ನೂರು ಮಿಡಿ.