ಓಲ್ಹಾ: ಜನ ಬಿಟ್ಟುಕೊಡದ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಹೆಸರಿನ ಬಗ್ಗೆ ಮಾತಾಡ್ತೀನಿ, ಓಲ್ಹಾ. ನಮ್ಮ ಪೇಪರ್‌ಗಳಲ್ಲಿ ಓಲ್ಗಾ ಅಂತ ಬರುತ್ತಲ್ಲ ಅದೇ, ಆದ್ರೆ ಉಕ್ರೇನಿನವರ ಬಾಯಲ್ಲಿ ಅದು ಓಲ್ಹಾ, ನಾವೂ ದಯವಿಟ್ಟು ಹಾಗೇ ಹೇಳೋಣ.

ಮೂಲದಲ್ಲಿ ಇದು ಸ್ಕ್ಯಾಂಡಿನೇವಿಯಾದ ಹೆಲ್ಗಾ. ನದಿ ಹಿಡ್ಕೊಂಡು ಕೀವ್ ತನಕ ಬಂದ ವರಾಂಗಿಯನ್ ಯೋಧರು, ವ್ಯಾಪಾರಿಗಳು ತಂದ ಹೆಸರು, ಅವರ ಹೆಲ್ಗಿ ಇಲ್ಲಿ ಓಲೆಹ್ ಆದ, ಇಂಗ್ವಾರ್ ಇಹೋರ್ ಆದ. 10ನೇ ಶತಮಾನದ ಬೈಜಾಂಟಿಯಂ ಆಸ್ಥಾನದ ಗ್ರೀಕ್ ಪುಸ್ತಕದಲ್ಲಿ ಕೀವ್ ರಾಣಿ ಓಲ್ಹಾಳನ್ನ 'ಎಲ್ಗಾ' ಅಂತಾನೇ ಬರೆದಿದ್ದಾರೆ.

ಆ ರಾಣಿ ಕಥೆ ಹೇಳದೆ ಮುಂದೆ ಹೋಗಕ್ಕೆ ನನ್ನ ಕೈಲಾಗಲ್ಲ. 945ರಲ್ಲಿ ಅವಳ ಗಂಡ, ಕೀವ್ ದೊರೆ ಇಹೋರ್, ಕಪ್ಪ ವಸೂಲಿಗೆ ಅಂತ ಡ್ರೆವ್ಲಿಯನ್ನರು ಅನ್ನೋ ಬುಡಕಟ್ಟಿನವರ ಹತ್ರ ಹೋದ, ಸಿಕ್ಕಿದ್ದು ಸಾಲ್ದು ಅಂತ ಮತ್ತೆ ವಾಪಸ್ ಹೋದ, ಕೊಂದೇಬಿಟ್ರು. ಆಮೇಲೆ ಅದೇ ಜನ 'ನಮ್ಮ ದೊರೆ ಮಾಲ್‌ನ ಮದುವೆ ಆಗಮ್ಮ' ಅಂತ ಅವಳ ಹತ್ರಾನೇ ದೂತರನ್ನ ಕಳಿಸಿದ್ರು! ಕೀವ್‌ನ ಸನ್ಯಾಸಿಗಳು ಬರೆದಿಟ್ಟ ಚರಿತ್ರೆ ಹೇಳೋದು ಏನಂದ್ರೆ, ಮೊದಲು ಬಂದವರನ್ನ ದೋಣಿ ಸಮೇತ ಗುಂಡಿಗೆ ಹಾಕಿ ಜೀವಂತ ಹೂತ್ಲು, ಎರಡನೇ ಸಲ ಬಂದವರನ್ನ ಸ್ನಾನದ ಮನೇಲಿ ಸುಟ್ಲು, ಕೊನೆಗೆ ಅವರ ಊರು ಇಸ್ಕೊರೊಸ್ಟೆನ್ ಮುತ್ತಿಗೆ ಹಾಕಿ, 'ಬೇರೇನೂ ಬೇಡ, ಮನೆಗೆ ಮೂರು ಪಾರಿವಾಳ ಮೂರು ಗುಬ್ಬಿ ಕೊಡಿ ಸಾಕು' ಅಂದ್ಲು. ಅವರೂ ಖುಷಿಯಾಗಿ ಕೊಟ್ರು. ಹಕ್ಕಿ ಕಾಲಿಗೆ ಗಂಧಕ ಸುತ್ತಿದ ಬಟ್ಟೆ ಕಟ್ಟಿ, ಕಿಡಿ ಹಚ್ಚಿ, ಕತ್ತಲಾಗ್ತಿದ್ದಂಗೆ ಬಿಟ್ರೆ ಎಲ್ಲವೂ ಗೂಡಿಗೆ ವಾಪಸ್, ಸೂರು, ಕೊಟ್ಟಿಗೆ, ಹುಲ್ಲಿನ ಬಣವೆ ಎಲ್ಲ ಒಟ್ಟಿಗೇ ಹತ್ಕೊಂಡಿತು. ಆ ಊರು ಈಗ್ಲೂ ಇದೆ, ಕೊರೊಸ್ಟೆನ್, ಝಿಟೊಮಿರ್ ಪ್ರಾಂತ್ಯದಲ್ಲಿ.

ಟೈಮ್ ಓಡ್ತಿದೆ, ನನಗೆ ಮುಖ್ಯವಾದ ಮಾತಿಗೆ ಬರ್ತೀನಿ. ಇವಳು ಆಮೇಲೆ ಕ್ರಿಶ್ಚಿಯನ್ ಆದ್ಲು, ದೀಕ್ಷೆಯ ಹೆಸರು ಓಲೆನಾ. ಆದ್ರೆ ಜನ ಹಳೇ ಹೆಸರು ಬಿಡ್ಲಿಲ್ಲ! ಮೊಮ್ಮಗ ವೊಲೊಡಿಮಿರ್ 988ರಲ್ಲಿ ದೀಕ್ಷೆ ತಗೊಂಡು ವಾಸಿಲ್ ಆದ, ಅವನ ಮಗ ಯಾರೊಸ್ಲಾವ್‌ಗೆ ಯೂರಿ ಅಂತ ಇಟ್ರು. ವಾಸಿಲ್ ಅಂತ ಯಾರು ಕರೀತಾರೆ ಹೇಳಿ? ಜನ ಹಳೇ ಹೆಸರು ಬಿಡ್ಲೇ ಇಲ್ಲ. ಕೊನೆಗೆ ಚರ್ಚೇ ದಾರಿಗೆ ಬಂತು, ಅವಳು ಸಂತಳಾಗಿದ್ದು ಓಲೆನಾ ಅಂತಲ್ಲ, ಓಲ್ಹಾ ಅಂತಾನೇ, ತೀರಿಕೊಂಡ ಜುಲೈ 11 ಅವಳ ಹಬ್ಬದ ದಿನ. 1997ರಲ್ಲಿ ಉಕ್ರೇನ್ ಸರ್ಕಾರ ಸಾಧಕ ಹೆಂಗಸರಿಗೆ ಅಂತ ಒಂದು ಪದಕ ಶುರು ಮಾಡ್ತು, ಅದಕ್ಕೂ ರಾಣಿ ಓಲ್ಹಾ ಹೆಸರೇ. ಮನೆಗಳಲ್ಲಿ ಓಲ್ಯಾ ಅಂತ ಮುದ್ದಾಗಿ ಕೂಗ್ತಾರೆ. ನಮಸ್ಕಾರ.